ನೇಹಾ ಕೊಟ್ಟ ಅರ್ಧ ಚಹಾ

ವಡೋದರಾ, ಶುಕ್ರವಾರ

ನನ್ನ ಅಕ್ಕರೆಯ ಮನಸ್ವಿನಿ,

ಸೂರತ್ತಿನಿಂದ ನೀನು ಕಳುಹಿಸಿದ ಧ್ವನಿಸಂದೇಶವನ್ನು ಬೆಳಿಗ್ಗೆ ಕೇಳಿದೆ. "ಮೌಶಿ, ನಾ ಇನ್ನ ಮಿಲ್ಲಿಗೆ ಹೋಗಂಗಿಲ್ಲ. ನನ್ನ ಜೋಡಿ ಕೆಲಸಾ ಮಾಡೋ ನೇಹಾ ತನ್ನ ಎಂಜಲ ಚಹಾ ನನಗ ಕೊಟ್ಲು. ಸೂಪರ್‌ವೈಸರ್ ಅಜಯ್‌ಭಾಯಿ ಕಡೆ ನೋಡಿ ನಕ್ಳು. ಇಬ್ಬರಿಗೂ ನನ್ನ ಬ್ಯಾನಿ ಗೊತ್ತಾಗೇದ." ಫೋನಿನಲ್ಲಿ ಉತ್ತರಿಸಿದರೆ ನೀನು ನನ್ನ ಮಾತು ಬಿಟ್ಟು ದನಿಯಲ್ಲಿ ಏನೇನೋ ಹುಡುಕುತ್ತೀ. ಆದ್ದರಿಂದ ಬರೆಯುತ್ತಿದ್ದೇನೆ. ಭಾನುವಾರ ನಿನ್ನನ್ನು ಕರೆದುಕೊಂಡು ಹೋಗಲು ಬರುವ ನಿನ್ನ ತಾಯಿಯ ಕೈಯಲ್ಲೇ ಈ ಪತ್ರ ಬರುತ್ತದೆ.

ನೀನು ಮೊದಲ ಬಾರಿ ನನ್ನ ತರಬೇತಿ ಗುಂಪಿಗೆ ಬಂದು ನನ್ನನ್ನು ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆದಾಗ, ಮಾತ್ರೆಗಳು ನಿನ್ನ ಕಿವಿಯ ಧ್ವನಿಗಳನ್ನು ಆಗಲೇ ತಗ್ಗಿಸಿದ್ದವು. ಜನರ ಮುಖವನ್ನು ಓದುವ ಕಷ್ಟ ಮಾತ್ರ ಉಳಿದಿತ್ತು. ಸ್ಕಿಜೋಫ್ರೇನಿಯಾ ಇರುವ ಅನೇಕರಿಗೆ ದಿನದ ಬದುಕು ತೊಡರುವುದು ಇಲ್ಲಿಯೇ: ಅಂಗಡಿಯವನ ಅವಸರ ತಿರಸ್ಕಾರವೆನಿಸುತ್ತದೆ, ಗೆಳತಿಯ ಮೌನ ಸಂಚೆನಿಸುತ್ತದೆ. ಗುಂಪಿನಲ್ಲಿ ನಾವು ಭಾವಚಿತ್ರಗಳನ್ನು ನೋಡಿ ಭಾವವನ್ನು ಊಹಿಸುತ್ತಿದ್ದೆವು. ನಮ್ಮ ಯಜಮಾನರಾದ ವೆಂಕಟಾಚಲ ಅವರ ಚಿತ್ರವನ್ನು ನಾನು ತೋರಿಸಿದಾಗ ನೀನು, "ಭಾಳ ಸಿಟ್ಟಿನಾಗ ಇದ್ದಾರ" ಎಂದೆ. "ಸಿಟ್ಟಲ್ಲಮ್ಮ, ಹಸಿವು. ಮದುವೆಮನೆಯಲ್ಲಿ ಮೊದಲ ಪಂಕ್ತಿ ತಪ್ಪಿತ್ತು" ಎಂದು ನಾನು ಹೇಳಿದಾಗ ಎಲ್ಲರಿಗಿಂತ ಹೆಚ್ಚು ನಕ್ಕವಳು ನೀನು. ಆ ನಗುವನ್ನು ನೋಡಿಯೇ, ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನ ಕೆಲಸಕ್ಕೆ ನೀನು ಅರ್ಜಿ ಹಾಕುತ್ತೇನೆಂದಾಗ ನಾನು ಬೇಡವೆನ್ನಲಿಲ್ಲ.

ಈಗ ಚಹಾದ ವಿಷಯ. ಧಾರವಾಡದ ಮನೆಗಳಲ್ಲಿ ಬೆಳೆದ ನಮಗೆ ಇನ್ನೊಬ್ಬರ ಕಪ್ಪಿನಿಂದ ಬಂದದ್ದೆಲ್ಲ ಎಂಜಲು. ಈ ಊರುಗಳ ರೂಢಿ ಬೇರೆ. ಇಲ್ಲಿ ಅಲ್ಕಾಪುರಿಯ ಯಾವ ಚಹಾ ಅಂಗಡಿಯ ಮುಂದೆ ನಿಂತರೂ ಕಾಣುತ್ತದೆ: ಒಂದು ಕಪ್ ತರಿಸಿ, ತುಟಿಗಿಡುವ ಮೊದಲೇ ಅರ್ಧವನ್ನು ತಟ್ಟೆಗೆ ಬಗ್ಗಿಸಿ ಜೊತೆಗಾರರಿಗೆ ಕೊಡುತ್ತಾರೆ. ಬೇಡದವರಿಗೆ ಯಾರೂ ಹಾಗೆ ಕೊಡುವುದಿಲ್ಲ. "ಲೇ, ಅಡಧಿ ಅಡಧಿ" ಎಂದಳಂತಲ್ಲ ನೇಹಾ? ಗುಜರಾತಿಯಲ್ಲಿ ಹಾಗೆಂದರೆ, ತಗೋ, ಅರ್ಧ ನಿನಗೆ, ಅರ್ಧ ನನಗೆ. ಅವಳು ಅದನ್ನು ಕುಡಿದು ಕೊಟ್ಟಳೇ, ಕುಡಿಯುವ ಮೊದಲು ಕೊಟ್ಟಳೇ? ನಿನ್ನ ಸಂದೇಶದಲ್ಲಿ ಅದಿಲ್ಲ. ನೆನಪು ಮಾಡಿಕೋ.

ನಿನ್ನ ಕೆಲಸವನ್ನು ನೀನೇ ನನಗೆ ವಿವರಿಸಿದ್ದೆ. ಗಿರಾಕಿ ಕೊಟ್ಟ ತುಂಡಿನ ಪಕ್ಕದಲ್ಲಿ ಮಿಲ್ಲಿನ ಬಟ್ಟೆಯನ್ನಿಟ್ಟು, ಹಗಲಿನ ಬೆಳಕು, ಟ್ಯೂಬ್‌ಲೈಟು, ಹಳದಿ ದೀಪ ಎಂದು ಒಂದೊಂದರಲ್ಲೂ ನೋಡುತ್ತೀ. ಒಂದು ಬೆಳಕಿನಲ್ಲಿ ಅವಳಿಯಂತಿದ್ದ ಬಣ್ಣಗಳು ಇನ್ನೊಂದರಲ್ಲಿ ಬೇರೆಯಾಗುತ್ತವೆ. ಎಷ್ಟು ಅವಸರಪಡಿಸಿದರೂ ಒಂದೇ ಬೆಳಕು ನೋಡಿ ನೀನು ಒಪ್ಪಿಗೆ ಕೊಡುವುದಿಲ್ಲ. ಆದರೆ ಗುರುವಾರ, ಮಗಳೇ, ನೇಹಾಳ ನಗುವನ್ನು ಹೆದರಿಕೆಯೆಂಬ ಒಂದೇ ಬೆಳಕಿನಲ್ಲಿ ನೋಡಿ ತೀರ್ಪು ಕೊಟ್ಟುಬಿಟ್ಟೆ.

ಹಾಗೆಂದು ನೇಹಾ ಒಳ್ಳೆಯವಳೆಂದು ನಾನು ಪ್ರಮಾಣಪತ್ರ ಬರೆಯುತ್ತಿಲ್ಲ. ಅವಳನ್ನು ನಾನು ಕಂಡಿಲ್ಲ. ನಿಜಕ್ಕೂ ಅಣಕಿಸಿರಬಹುದು, ಅಂಥವರೂ ಇರುತ್ತಾರೆ, ನಿನಗೆ ಬಂದ ಪ್ರತಿ ನೋವೂ ಕಾಯಿಲೆಯ ಕಲ್ಪನೆಯಲ್ಲ. "ನೀವ ಒಂದ ಸಲ ಅಜಯ್‌ಭಾಯಿಗೆ ಫೋನ್ ಮಾಡ್ರಿ" ಎಂದು ನಿನ್ನ ತಾಯಿ ಕೇಳಿಕೊಂಡರು. ನಾನು ಮಾಡಲಿಲ್ಲ. ನಿನ್ನ ಮೇಲ್ವಿಚಾರಕನಾದ ಅವನು ಸೋಮವಾರದವರೆಗೆ ರಜೆ ಕೊಟ್ಟಿದ್ದಾನೆ, ಜಾಗ ಇನ್ನೂ ನಿನ್ನದೇ. ನಾನು ನಡುವೆ ಬಂದರೆ, ನಿನ್ನ ಕಾಯಿಲೆಯ ವಿಷಯವನ್ನು ಹೇಳುವುದೋ ಬಿಡುವುದೋ ಎಂಬ ನಿನ್ನ ಹಕ್ಕನ್ನೇ ನಾನು ಕಸಿದುಕೊಂಡಂತೆ. ಕಾಯಿಲೆಯ ಹೆಸರೆತ್ತದೆಯೂ ನೀನು ನೇಹಾಳನ್ನು ಕೇಳಬಹುದು: "ಅವತ್ತು ಯಾಕೆ ನಕ್ಕೆ? ನನಗೆ ಬೇಜಾರಾಯಿತು." ಇಷ್ಟು ಸಾಕು. ಅವಳ ಉತ್ತರ ಕೆಟ್ಟದ್ದಾದರೆ, ಬೇರೆ ಕೆಲಸ ಹುಡುಕಲು ನಿನ್ನ ಜೊತೆಗೆ ನಾನಿದ್ದೇನೆ. ಆದರೆ ಆಗ ನೀನು ಊಹೆಗೆ ಹೆದರಿ ಓಡಿ ಬಂದವಳಾಗುವುದಿಲ್ಲ, ತಿಳಿದು ಬಿಟ್ಟವಳಾಗುತ್ತೀ.

ಇದನ್ನು ಓದುವಾಗ ನಿನ್ನ ತಾಯಿ ಎದುರಿಗೆ ಕುಳಿತಿರುತ್ತಾರೆ. "ಸಾಕ್ರಿ, ನನ್ನ ಮಗಳು ಮನ್ಯಾಗ ಇರ್ಲಿ" ಎಂದೇ ಇಲ್ಲಿಂದ ಹೊರಟವರು. ಅವರ ಮುಖ ಗಂಟಿಕ್ಕಿರುತ್ತದೆ, ಮಾತು ಬಿರುಸಾಗಿರುತ್ತದೆ. ನಿನ್ನ ಮೇಲೆ ಬೇಸತ್ತಿದ್ದಾರೆಂದು ನಿನ್ನ ಮನಸ್ಸು ಆಗಲೇ ಬರೆದುಕೊಂಡಿರುತ್ತದೆ. ಕೇಳಿ ತಿಳಿಯುವುದಕ್ಕೆ ಸೋಮವಾರದವರೆಗೆ ಕಾಯುವುದೇಕೆ? ಈಗಲೇ ತಲೆಯೆತ್ತಿ ಕೇಳು: "ಅವ್ವಾ, ನಿನಗ ನನ್ನ ಮ್ಯಾಲ ಸಿಟ್ಟೋ, ಇಲ್ಲಾ ಹೆದರಿಕೀನೋ?" ಅವರು ಉತ್ತರಿಸುವವರೆಗೆ ಅವರ ಕೈ ಹಿಡಿದುಕೊಂಡಿರು.

ನಿನಗೆ ಧೈರ್ಯವೂ ನಿದ್ದೆಯೂ ತುಂಬಿ ಬರಲಿ ಎಂದು ಹರಸುವ,

ನಿನ್ನ ಅನುರಾಧಾ ಮೌಶಿ