ಸಣ್ಣ ತೂತಿನ ಜೆಟ್

ರೀ,

ನೀವು ಸತ್ತ ಮೇಲಾದರೂ ನಿಮ್ಮ ಸುಳ್ಳು ಹೊರಬಿತ್ತು. ಇವತ್ತು ಮೋಮಿನಪುರದ ಮೆಕ್ಯಾನಿಕ್ ನಬಿಸಾಬ್ ನಿಮ್ಮ ಹಳೇ ಸ್ಕೂಟರಿನ ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲ್ ಹರಿಯುವ ಜೆಟ್ ತೋರಿಸಿದರು. "ಸಾಹೇಬ್ರು ಬೇಕಂತ ಸಣ್ಣ ತೂತಿಂದು ಹಾಕಿಸ್ಯಾರ್ರೀ. ಕಮಲಾಪುರ ಲಗೂ ಬರಬಾರದು, ಗಾಡಿ ಸಾವಕಾಶ ಹೋಗಬೇಕು ಅಂದಿದ್ರು," ಎಂದರು.

ಹಾಗಾದರೆ ನೀವು "ಹಳೇ ಗಾಡಿ, ಇಷ್ಟೇ ಓಡ್ತದ" ಅಂದದ್ದೇನು? ಕಮಲಾಪುರದ ನನ್ನ ತವರಿಗೆ ಪ್ರತಿ ಸಲವೂ ಅಡುಗೆ ಆರಿದ ಮೇಲೆಯೇ ಮುಟ್ಟುತ್ತಿದ್ದೆವಲ್ಲ! ಜನ ತುಂಬಿದ ಟಂಟಂ ಆಟೊ ಕೂಡ ನಮ್ಮನ್ನು ಹಿಂದೆ ಹಾಕುತ್ತಿತ್ತು. ಹಿಂದೆ ಕೂತು ದಾರಿಯುದ್ದಕ್ಕೂ ನಾನು ಬಯ್ಯುತ್ತಿದ್ದೆ, ನೀವು ನಗುತ್ತಿದ್ದಿರಿ. ಎಂಥ ಮನುಷ್ಯರು ನೀವು!

ಸಿಟ್ಟಿನಲ್ಲಿ ದೊಡ್ಡ ಜೆಟ್ ಹಾಕಿಸಿ, ನಾನೇ ಓಡಿಸಿಕೊಂಡು ಹೊರಟೆ. ನಿಮ್ಮನ್ನು ಇನ್ನೂ ಅರ್ಧ ಬಯ್ದಿರಲಿಲ್ಲ, ಕಮಲಾಪುರ ಬಂದೇಬಿಟ್ಟಿತು.