ದೊಡ್ಡಮ್ಮನ ಮುಖ

ಮನೆಯಿಂದ,
ಭಾನುವಾರ, ಜೂನ್ ೧೪

ಪ್ರೀತಿಯ ಅಕ್ಕಾ,

ಕಾಲು ಹೇಗಿದೆ? ಪಟ್ಟಿ ಬಿಚ್ಚಿದ ಮರುದಿನವೇ ಗಾಲಿಕುರ್ಚಿ ತಳ್ಳಿಸಿಕೊಂಡು ಪಾಠ ಮಾಡಲು ಹೋದೆಯಂತೆ, ನಿಮ್ಮ ಹಾಸ್ಟೆಲ್ಲಿನ ವಾರ್ಡನ್ ಹೇಳಿದರು. ನಿನಗೆ ಬುದ್ಧಿ ಹೇಳುವ ಧೈರ್ಯ ಯಾರಿಗಿದೆ? ಕಿವಿಯ ಮಿಷನ್ನು ಹಾಕಿಕೊಳ್ಳುತ್ತಿದ್ದೀಯ ತಾನೇ? ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ, ಅದಕ್ಕೇ ಈ ಕಾಗದ.

ನಾನು ಚೆನ್ನಾಗಿದ್ದೇನೆ. ಮಗಳು ಹಾಲು ಕುಡಿದು ಮಲಗಿದ್ದಾಳೆ. ಅವಳದು ಅಗಲ ಹಣೆ, ಮೊನಚು ಗದ್ದ, ಕಣ್ಣಿನ ಬಿಳಿಭಾಗಕ್ಕೆ ತಿಳಿನೀಲಿ. ನೋಡಲು ಬಂದವರೆಲ್ಲ "ಎಂಥಾ ಚೆಂದದ ಕಣ್ಣು" ಅಂದರು. ಅಕ್ಕನ ಕಣ್ಣೇ ಬಂದಿದೆ ಎಂದು ನಾನೂ ಹಿಗ್ಗಿದೆ. ಅದರಾಚೆಗೆ ಯೋಚಿಸಲು ಮನಸ್ಸು ಒಪ್ಪಲಿಲ್ಲ.

ಹೋದ ತಿಂಗಳು ಇವರು ಮಗುವಿಗೆ ಅಂಗಿ ತೊಡಿಸುತ್ತಿದ್ದರು. ತೋಳಿನೊಳಗೆ ಕೈ ತೂರಿಸಿದ್ದಷ್ಟೇ, ಮಗು ಕಿಟಾರನೆ ಕಿರುಚಿತು, ಕೈ ಜೋತುಬಿತ್ತು. ಎಕ್ಸ್-ರೇಯಲ್ಲಿ ಮುರಿದ ಮೂಳೆಯ ಜೊತೆಗೆ ತಾನಾಗಿ ಕೂಡಿಕೊಂಡ ಹಳೆಯದೊಂದು ಬಿರುಕೂ ಕಂಡಿತು. ಅಲ್ಲಿಂದ ಆಸ್ಪತ್ರೆಯವರ ಮಾತಿನ ವರಸೆಯೇ ಬದಲಾಯಿತು. ಇವರನ್ನು ಬೇರೆ ಕೋಣೆಗೆ ಕರೆದು "ಸಿಟ್ಟಲ್ಲಿ ಎಳೆದ್ರಾ? ನಿಜ ಹೇಳಿ" ಎಂದು ಮತ್ತೆ ಮತ್ತೆ ಕೇಳಿದರು. ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ.

ಆಗ ಪರ್ಸಿನಲ್ಲಿದ್ದ ನಿನ್ನ ಫೋಟೋ ನೆನಪಾಯಿತು. ನೀನು ಕೆಲಸಕ್ಕೆ ಸೇರುವಾಗ ತೆಗೆಸಿದ್ದು. ಗದ್ದ ಅಗಲಿಸಿ ಕಣ್ಣು ಬೆಳ್ಳಗೆ ಮಾಡಿಕೊಡುತ್ತೇನೆ ಎಂದ ಸ್ಟುಡಿಯೋದವನಿಗೆ ನೀನು "ಬೇಡಪ್ಪ, ಇದು ನನ್ನ ಮುಖ. ಇದ್ದ ಹಾಗೇ ಕೊಡು. ಲೆಕ್ಕದ ಟೀಚರಿಗೆ ತ್ರಿಕೋನದ ಮುಖ ಇರದೆ ಇನ್ನೇನಿರುತ್ತೆ?" ಎಂದು ಅವನನ್ನೂ ನಗಿಸಿದ್ದೆ. ಅದನ್ನು ದೊಡ್ಡ ಡಾಕ್ಟರ ಮುಂದಿಟ್ಟು "ಇವಳು ನನ್ನ ಅಕ್ಕ. ಚಿಕ್ಕಂದಿನಿಂದ ಇವಳ ಮೂಳೆ ಸುಮ್ಮಸುಮ್ಮನೆ ಮುರಿಯುತ್ತೆ" ಅಂದೆ. ಆಕೆ ಫೋಟೋ ನೋಡಿದರು, ಮಗುವನ್ನು ನೋಡಿದರು, ಆಮೇಲೆ ನನ್ನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ನನ್ನ ಕಣ್ಣನ್ನೂ ನೋಡಿದರು. "ನಿಮ್ಮಲ್ಲೂ ಸ್ವಲ್ಪ ನೀಲಿ ಇದೆ. ಮೂಳೆ ಸುಲಭವಾಗಿ ಮುರಿಯೋ ಕಾಯಿಲೆ ವಂಶದಲ್ಲಿದ್ದರೆ ಕಣ್ಣು ಹೀಗಿರಬಹುದು. ಆದರೆ ಬರೀ ಮುಖ ನೋಡಿ ತೀರ್ಮಾನ ಮಾಡೋಕಾಗಲ್ಲ, ರಕ್ತ ಪರೀಕ್ಷೆ ಮಾಡಿಸೋಣ" ಅಂದರು. ಫಲಿತಾಂಶ ನಿನ್ನೆ ಬಂತು. ನಿನಗಿರುವ ಮೂಳೆಯ ಕಾಯಿಲೆಯೇ ಮಗಳಿಗೂ ಇದೆ. ಡಾಕ್ಟರು ಎದ್ದು ನಿಂತು ಇವರ ಕ್ಷಮೆ ಕೇಳಿದರು.

ಹೆದರಿಕೆ ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ನಾನು ನಿನ್ನ ಜೊತೆ ಬೆಳೆದವಳು. ಹಲ್ಲಿನ ಬಣ್ಣ ಮಾಸಿದ್ದರೂ ಕೈ ಅಡ್ಡ ಇಡದೆ ಬಾಯ್ತುಂಬ ನಗುವ ಹೆಂಗಸನ್ನು ನಾನು ಕಂಡಿದ್ದು ನಿನ್ನೊಬ್ಬಳನ್ನೇ. ಮಗಳು ಹಾಗೆ ನಗುವುದನ್ನು ಕಲಿತರೆ ನನಗೆ ಅಷ್ಟೇ ಸಾಕು.

ಜೋಪಾನ. ದೊಡ್ಡಮ್ಮನಾದ ನಿನಗೆ ಮಗಳ ಪರವಾಗಿಯೂ ನಮಸ್ಕಾರ.

ನಿನ್ನ,
ಪುಟ್ಟಿ

ತಾ.ಕ.: ಅಂಚೆಗೆ ಹಾಕಲು ಹೊರಟವಳು ಮತ್ತೆ ಕೂತೆ. ಕೈ ಮುರಿದ ಆ ದಿನದಿಂದ ಇವರು ಮಗುವನ್ನು ಮುಟ್ಟಿಲ್ಲ, ಅಕ್ಕಾ. ತೊಟ್ಟಿಲ ಪಕ್ಕ ಕೈ ಕಟ್ಟಿಕೊಂಡು ನಿಲ್ಲುತ್ತಾರೆ. ನಿನ್ನಂಥ ಕೂಸನ್ನು ಹೇಗೆ ಎತ್ತಬೇಕೆಂದು ಅಮ್ಮನಿಗೆ ಗೊತ್ತಿತ್ತು. ಅಮ್ಮ ಹೋದ ಮೇಲೆ ಅದು ಗೊತ್ತಿರುವುದು ಹಾಗೆ ಎತ್ತಿಸಿಕೊಂಡು ಬೆಳೆದ ನಿನಗೊಬ್ಬಳಿಗೇ. ರಜೆ ಸಿಕ್ಕ ತಕ್ಷಣ ಬಾ. ಬಂದು, ಇವರ ಕೈ ಹಿಡಿದು ತೋರಿಸಿಕೊಡು.