ಬಾಯಿಗೆ ಕಟ್ಟುವ ಬಟ್ಟೆ

ಸಂಶಿ,
ದಿ. ೧೨-೨-೧೯೮೭, ಗುರುವಾರ

ಪ್ರೀತಿಯ ಅವ್ವಗೆ ಬಸಣ್ಣನ ನಮಸ್ಕಾರಗಳು.

ನಿನ್ನ ಮೊಣಕಾಲು ನೋವು ಹೇಗಿದೆ? ಅಕ್ಕ ಅನ್ನವ್ವ ಮತ್ತು ಕೂಸು ಆರಾಮ ಇದ್ದಾರೆಯೆ? ಬಾಣಂತಿಯ ನೀರಿನ ಹಂಡೆ ಎತ್ತಲು ನೀನು ಹೋಗಬೇಡ, ಮಾವನಿಗೆ ಹೇಳು. ಇಲ್ಲಿ ಅಪ್ಪನ ಕೆಮ್ಮು ಕಡಿಮೆಯಾಗಿದೆ. ಎಮ್ಮೆ ಒಂದು ಹೊತ್ತು ಮಾತ್ರ ಹಾಲು ಕೊಡುತ್ತಿದೆ. ತಂಗಿ ರಾಮವ್ವನ ರೊಟ್ಟಿ ಮೊದಲಿಗಿಂತ ತೆಳ್ಳಗಾಗಿದೆ. ಪಲ್ಯದ ಉಪ್ಪು ಇನ್ನೂ ಅವಳ ಕೈಗೆ ಸಿಕ್ಕಿಲ್ಲ.

ಅಕ್ಕನ ಬಾಣಂತನಕ್ಕೆಂದು ನವಲಗುಂದಕ್ಕೆ ಹೋಗುವ ದಿನ ನೀನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೇಳಿದ ಮಾತು ನೆನಪಿದೆ. “ಗೌಡರ ಬಾಗಿಲಾಗ ಸೆರಗು ಬಾಯಿಗೆ ಹಿಡಕೊಂಡು ಮಾತಾಡೂದು ನನ್ನ ಕಾಲಕ್ಕ ಮುಗೀಲಿ. ನನ್ನ ಮಗಳು ಬಾಯಿಗೆ ಬಟ್ಟಿ ಕಟ್ಟಿಕೊಂಡು ಯಾರ ಮುಂದನೂ ನಿಂದ್ರೂದು ಬ್ಯಾಡ” ಎಂದಿದ್ದೆ. ಹುಬ್ಬಳ್ಳಿ ರಸ್ತೆಯ ಸಲಾಯಿನ್ ಬಾಟಲಿ ಫ್ಯಾಕ್ಟರಿಯಲ್ಲಿ ರಾಮವ್ವನ ತರಬೇತಿ ಮುಗಿಯುತ್ತ ಬಂತು. ಇದೇ ೨೩ನೇ ತಾರೀಖು ಸೋಮವಾರದೊಳಗೆ ಸಹಿ ಮಾಡಿದರೆ ನೌಕರಿ ಕಾಯಂ, ಇಲ್ಲವಾದರೆ ಆ ಜಾಗಕ್ಕೆ ಬೇರೆಯವರು. ಅವಳು ಸಹಿ ಮಾಡಿಲ್ಲ. “ಅವ್ವ ಹೂಂ ಅನ್ನೂತನಾ ನಾ ಪೆನ್ನು ಹಿಡ್ಯೂದಿಲ್ಲ” ಎನ್ನುತ್ತಾಳೆ. ಹೀಗಾಗಿ ಹೈಸ್ಕೂಲಿನ ಆಫೀಸಿಗೆ ಒಂದು ದಿನ ರಜೆ ಹಾಕಿ, ಮಂಗಳವಾರ ನಾನೇ ಹೋಗಿ ನೋಡಿ ಬಂದೆ. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಮೊದಲು ನನ್ನ ತಪ್ಪು. ‘ಕ್ಲೀನ್ ರೂಮಿನ ಕೆಲಸ’ ಎಂದು ರಾಮವ್ವ ಹೇಳಿದಾಗ ನೀನು ಕಸ ಹೊಡೆಯುವ ಕೆಲಸ ಎಂದು ತಿಳಿದೆ. ನಾನು ಓದಿದವನು, ನಾನೂ ಹಾಗೆಯೇ ತಿಳಿದೆ. ನಮ್ಮ ಕೇರಿಯ ಹುಡುಗಿಗೆ ಮತ್ತೇನು ಕೊಡುತ್ತಾರೆ ಎಂದುಕೊಂಡೆ. ಅದು ಕ್ಲೀನ್ ಮಾಡುವ ರೂಮಲ್ಲ, ಕ್ಲೀನಾಗಿಯೇ ಇರುವ ರೂಮು. ಗಾಳಿಯನ್ನು ಕೂಡ ಸೋಸಿ ಒಳಗೆ ಬಿಡುತ್ತಾರೆ. ರೋಗಿಯ ರಕ್ತಕ್ಕೆ ಹೋಗುವ ನೀರನ್ನು ಅಲ್ಲಿ ಬಾಟಲಿಗೆ ತುಂಬುವುದರಿಂದ ಅದರಲ್ಲಿ ಕಣ್ಣಿಗೆ ಕಾಣದ ಕಣವೂ ಬೀಳಬಾರದು.

ಮನೆಯ ಬಟ್ಟೆ ಬದಲಿಸುವ ಕೋಣೆ ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ಇದೆ. ಆ ಚಿಂತೆ ನಿನಗೆ ಬೇಡ. ಅದನ್ನು ದಾಟಿದ ಮೇಲೆ ಗೌನಿಂಗ್ ರೂಮು ಎಂಬ ಕೋಣೆ. ಅದಕ್ಕೆ ಗಾಜಿನ ಕಿಟಕಿ ಇದೆ, ನನ್ನನ್ನು ಅಲ್ಲಿ ನಿಲ್ಲಿಸಿದರು. ಮೊದಲ ಕೋಣೆಯಲ್ಲಿ ತೊಟ್ಟು ಬಂದ ಫ್ಯಾಕ್ಟರಿಯ ಅಂಗಿ ಪಾಯಿಜಾಮದ ಮೇಲೆ ಅವರು ಇಲ್ಲಿ ಮೊದಲು ಹುಡ್ ಹಾಕಿಕೊಳ್ಳುತ್ತಾರೆ. ಟೋಪಿಯಂಥದ್ದು, ಆದರೆ ಕುತ್ತಿಗೆ ದಾಟಿ ಹೆಗಲ ತನಕ ಇಳಿಯುತ್ತದೆ. ನಂತರ ಮಾಸ್ಕ್, ಎಂದರೆ ನಿನಗೆ ಬೇಡವಾದ ಆ ಬಾಯಿಬಟ್ಟೆ. ಆಮೇಲೆ ಅಂಗಿ ಚಲ್ಲಣ ಒಂದೇ ಆಗಿ ಹೊಲಿದ ಕವರಾಲ್. ಅದಕ್ಕೆ ಕಿಸೆ ಇಲ್ಲ, ಕಿಸೆಯಲ್ಲಿ ಧೂಳು ಕೂರುತ್ತದಂತೆ. ಕಾಲಿಗೆ ಬಟ್ಟೆಯದೇ ಬೂಟು, ಮೊಣಕಾಲ ತನಕ. ತಲೆಯಿಂದ ಕೆಳಕ್ಕೆ ಹಾಕುತ್ತ ಬರಬೇಕು. ಕ್ರಮ ತಪ್ಪಿದರೆ ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ.

ಈ ಬಟ್ಟೆ ಹತ್ತಿಯದಲ್ಲ. ನಮ್ಮ ಕಡೆ ಹತ್ತಿ ಬೆಳೆದು ಹತ್ತಿ ಬೇಡವೆಂದರೆ ಹೇಗೆ ಎಂದು ಕೇಳಿದೆ. ನೀನು ದೀಪದ ಬತ್ತಿ ಹೊಸೆದಾಗ ಮೈತುಂಬ ಸಣ್ಣ ಎಳೆ ಎದ್ದು ನಿಲ್ಲುತ್ತವಲ್ಲ, ಹತ್ತಿ ನೂಲಿನ ಗುಣವೇ ಅದು. ಗಿಡ್ಡ ಎಳೆಗಳನ್ನು ಹೊಸೆದದ್ದು, ಆದ್ದರಿಂದ ಉದುರುತ್ತದೆ. ಉದುರಿದ್ದಕ್ಕೆ ಲಿಂಟ್ ಎನ್ನುತ್ತಾರೆ. ಅಕ್ಕನ ಬಾಜು ಮನೆಯ ಜಮಾಲಬಿ ಜಮಖಾನ ನೇಯ್ದು ಏಳುವಾಗ ಹುಬ್ಬು ಬೆಳ್ಳಗಾಗಿರುತ್ತದಲ್ಲ, ಅದೇ ಲಿಂಟ್. ಇವರದು ಪಾಲಿಯೆಸ್ಟರ್. ಅದರ ಎಳೆಗೆ ಫಿಲಮೆಂಟ್ ಎಂದು ಹೆಸರು. ಎಲ್ಲೂ ತುಂಡಾಗದೆ ಒಂದೇ ಉದ್ದಕ್ಕೆ ಬರುತ್ತದೆ, ಉದುರುವುದು ಬಹಳ ಕಡಿಮೆ.

ಜಮಾಲಬಿ ಮೂಗಿಗೆ ಬಟ್ಟೆ ಕಟ್ಟಿದರೆ ಧೂಳು ಅವಳೊಳಗೆ ಹೋಗಬಾರದೆಂದು. ಇಲ್ಲಿಯ ಲೆಕ್ಕ ತಿರುಗಾಮುರುಗಾ. ತರಬೇತಿ ಕೊಡುವ ಖಾದರಬಿ ಎಂಬ ಹಿರಿಯ ಹೆಂಗಸು ನನಗೆ ಹೇಳಿದಳು: “ತಮ್ಮಾ, ಇದು ನಮ್ಮನ್ನ ಕಾಯೂ ಬಟ್ಟಿ ಅಲ್ಲೋ. ನಮ್ಮಿಂದ ಬಾಟ್ಲಿ ಕಾಯೂದು. ಈ ಕ್ವಾಣ್ಯಾಗ ಹೊಲಸು ಅಂದ್ರ ಮನಿಷ್ಯಾನ. ಕೂದಲಾ, ಚರ್ಮಾ, ಉಸರಾ ಎಲ್ಲಾ ಉದರತಾವು. ಮಾಲಕ ಬಂದ್ರ ಅವನೂ ಹೊಲಸನ. ಪೌಡರ್ ಬಡಕೊಂಡು ಬಂದ ಮದಿಮಗಳನ್ನೂ ಹೊರಗ ಹಾಕೀನಿ ನಾ.” ಆ ಮಾತನ್ನು ಅವಳು ನಗುತ್ತ ಹೇಳಿದಳು.

ತ್ರಾಸು ಇಲ್ಲವೆಂದು ಬರೆಯಲಾರೆ. ಬಳೆ ತೆಗೆಯಬೇಕು, ಕುಂಕುಮ ಹಚ್ಚುವಂತಿಲ್ಲ. ಮೈ ಬೆವರುತ್ತದೆ. ನಡುವೆ ನೀರು ಕುಡಿಯಬೇಕೆಂದರೆ ಎಲ್ಲ ಬಿಚ್ಚಿ ಹೊರಗೆ ಬರಬೇಕು. ಮೂಗು ತುರಿಸಿದರೆ ಏನು ಮಾಡುವುದೆಂದು ಕೇಳಿದ್ದಕ್ಕೆ ಖಾದರಬಿ, “ದೇವರನ್ನ ನೆನಿಯೂದು” ಎಂದಳು.

ಒಳಬಾಗಿಲ ಹತ್ತಿರ ಏಳು ಜನ ತಯಾರಾಗಿ ನಿಂತಿದ್ದರು. ಕಣ್ಣು ಬಿಟ್ಟು ಮತ್ತೇನೂ ಕಾಣುತ್ತಿರಲಿಲ್ಲ. ಅವರಲ್ಲಿ ಒಬ್ಬರು ಮಾಲಕರ ಮಗ, ಒಬ್ಬಳು ನಮ್ಮ ರಾಮವ್ವ. ಬರೀ ನೋಡಿ ಯಾರು ಯಾರೆಂದು ನನಗೆ ತಿಳಿಯಲಿಲ್ಲ. ಅವ್ವಾ, ನಿನ್ನ ಮಾತು ತಪ್ಪು ಎಂದು ನಾನು ಬರೆಯುತ್ತಿಲ್ಲ. ಗೌಡರ ಬಾಗಿಲಲ್ಲಿ ನಿನ್ನ ಹಿಂದೆ ನಾನೂ ನಿಂತವನು. ಅಲ್ಲಿ ಬಾಯಿ ಮುಚ್ಚಿಕೊಂಡವಳು ನೀನೊಬ್ಬಳೇ. ಇಲ್ಲಿ ಏಳೂ ಜನ ಮುಚ್ಚಿಕೊಂಡಿದ್ದರು.

ಅಕ್ಕ, ಮಾವನವರಿಗೆ ನಮಸ್ಕಾರ ತಿಳಿಸು. ಕೂಸಿಗೆ ಅಪ್ಪನ ಆಶೀರ್ವಾದವಿದೆ. ಜಮಾಲಬಿಗೆ ನಾನು ಕೇಳಿದೆನೆಂದು ಹೇಳು.

ನಿನ್ನ ಮಗ,
ಬಸಣ್ಣ

ತಾ.ಕ.: ಟಪಾಲು ಎತ್ತುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಇದರೊಳಗೆ ವಿಳಾಸ ಬರೆದ ಕಾರ್ಡು ಇಟ್ಟಿದ್ದೇನೆ. ಹೂಂ ಅಥವಾ ಬ್ಯಾಡ, ನೀನು ಹೇಳಿದ ಒಂದೇ ಶಬ್ದ ಅಕ್ಕ ಬರೆದರೆ ಸಾಕು, ೨೩ರೊಳಗೆ ಮುಟ್ಟಬೇಕು. ರಾಮವ್ವನ ಕೆಲಸ ಏನೆಂದು ಬರೆಯುವುದೇ ಬಿಟ್ಟುಹೋಗಿದೆ. ಒಳಬಾಗಿಲಲ್ಲಿ ನಿಂತು ಎಲ್ಲರ ಬಟ್ಟೆ ಸರಿ ಇದೆಯೇ ಎಂದು ನೋಡಿ ಒಳಗೆ ಬಿಡುವುದು. ಆ ಏಳು ಜನರಲ್ಲಿ ಅವಳ ಗುರುತು ಹತ್ತಿದ್ದು ದನಿಯಿಂದ. “ಸಾಹೇಬ್ರ, ಮೀಸಿ ತುದಿ ಹೊರಗ ಐತ್ರಿ. ಹಿಂದಕ್ಕ ಹೋಗಿ ಮುಚ್ಚಿಕೊಂಡು ಬರ್ರಿ” ಎಂದಳು. ಮಾಲಕರ ಮಗ ಹಿಂದಕ್ಕೆ ಹೋಗಿ ಮಾಸ್ಕ್ ಮತ್ತೆ ಕಟ್ಟಿಕೊಂಡು ಬಂದು ಅವಳ ಮುಂದೆ ನಿಂತರು. ರಾಮವ್ವ ಇನ್ನೊಮ್ಮೆ ನೋಡಿ ಬಾಗಿಲು ಬಿಟ್ಟಳು.